1943ರ ಇಯರ್‌ಬುಕ್‌ನಲ್ಲಿ ಇರುವವರು, ಇಲ್ಲದವರು

ಪ್ರಶ್ನೆ: ನನ್ನ ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಕಳೆದ ತಿಂಗಳು ಅವರ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಹಳೇ ಸಾಮಾನನ್ನೆಲ್ಲ ಹೊರಗಿಟ್ಟು ಮಾರುತ್ತಿದ್ದರಂತೆ. ಅಲ್ಲಿ ಅವಳಿಗೆ ಅದೇ ಊರಿನ ಹೈಸ್ಕೂಲೊಂದರ 1943ರ ಇಯರ್‌ಬುಕ್, ಅಂದ್ರೆ ಆ ವರ್ಷದ ವಿದ್ಯಾರ್ಥಿಗಳ ಫೋಟೋ ಪುಸ್ತಕ, ಸಿಕ್ಕಿದೆ. ವಿಡಿಯೊ ಕಾಲ್ ಮಾಡಿ ಪುಟ ಪುಟ ತೋರಿಸಿದಳು. ಹುಡುಗರು ಕಪ್ಪು ಬಣ್ಣದ ಪುಟ್ಟ ವಿಮಾನಗಳನ್ನು ಹಿಡಿದು ನಿಂತಿದ್ದಾರೆ. ‘ವಿಕ್ಟರಿ ಕೋರ್’ ಅಂತ ಒಂದು ಪುಟ ಇದೆ. ಕೊನೇ ವರ್ಷದ ಕೆಲವು ಹುಡುಗರ ಫೋಟೋ ಇಲ್ಲ, ಹೆಸರು ಮಾತ್ರ, ಪಕ್ಕದಲ್ಲಿ ‘ನೌಕಾಪಡೆ’ ಅಂತ ಬರೆದಿದೆ. ಪುಸ್ತಕದ ನಡುವೆ ಒಂದು ಚಿಕ್ಕ ಸ್ಟಾಂಪ್ ಆಲ್ಬಮ್, 25 ಸೆಂಟಿನ 31 ಸ್ಟಾಂಪ್ ಅಂಟಿಸಿದ್ದಾರೆ, ಉಳಿದ ಮನೆಗಳು ಖಾಲಿ. ಆ ಕಾಲದಲ್ಲಿ ಅಲ್ಲಿ ಪಾಠ ಅಂತ ನಡೀತಿತ್ತಾ, ಇಲ್ಲ ಬರೀ ಯುದ್ಧದ ಕೆಲಸವಾ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪಾಠ ನಡೀತಿತ್ತು. ಆದರೆ ಯುದ್ಧವೂ ಬಂದು ಅದೇ ಬೆಂಚಿನಲ್ಲಿ ಕೂತಿತ್ತು. ನಿಮ್ಮ ಮಗಳ ಕೈಗೆ ಒಳ್ಳೆಯ ಪುಸ್ತಕ ಸಿಕ್ಕಿದೆ. ನಾನು ಇಷ್ಟು ವರ್ಷ ಅಮೆರಿಕದ ಶಾಲೆಗಳ ಇತಿಹಾಸ ಓದಿದ ಮೇಲೂ, ಆ ಕಾಲವನ್ನು ತಿಳಿಯೋಕೆ ಇಯರ್‌ಬುಕ್‌ನಷ್ಟು ಹತ್ತಿರದ ದಾಖಲೆ ಇನ್ನೊಂದಿಲ್ಲ ಅಂತಲೇ ನಂಬಿದ್ದೇನೆ. ಅದನ್ನು ಮಾಡಿದವರು ಮಕ್ಕಳೇ. ಯಾವ ಫೋಟೋ ಇರಬೇಕು, ಯಾವುದು ಬೇಡ ಅಂತ ಆರಿಸಿದವರೂ ಅವರೇ. ಅದಕ್ಕೇ ಆ ಪುಸ್ತಕದಲ್ಲಿ ಇರುವವರನ್ನು ನೋಡಿದಷ್ಟೇ ಗಮನವಿಟ್ಟು ಇಲ್ಲದವರನ್ನೂ ಹುಡುಕಿ. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಒಂದು ಲೆಕ್ಕ ಹೇಳಿಬಿಡ್ತೀನಿ. ಅಮೆರಿಕದ ಹೈಸ್ಕೂಲ್ ಅಂದ್ರೆ ನಾಲ್ಕು ವರ್ಷ, ನಮ್ಮ ಒಂಬತ್ತನೇ ಕ್ಲಾಸಿನಿಂದ ಎರಡನೇ ಪಿಯುಸಿವರೆಗೆ. ಕೊನೇ ವರ್ಷದವರನ್ನು ಸೀನಿಯರ್ ಅಂತಾರೆ, ವಯಸ್ಸು ಹದಿನೇಳು, ಹದಿನೆಂಟು. ಇದು ಯಾಕೆ ಮುಖ್ಯ ಅಂದ್ರೆ, 1942ರ ನವೆಂಬರ್‌ನಲ್ಲಿ ಸೇನೆಗೆ ಕಡ್ಡಾಯವಾಗಿ ಕರೆಯುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು. ಅಲ್ಲಿಯವರೆಗೆ ಯುದ್ಧ ಅಣ್ಣಂದಿರದ್ದು. ಆ ತಿಂಗಳಿನಿಂದ ಅದು ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತವನದ್ದಾಯಿತು. ಹದಿನೆಂಟು ತುಂಬಿದವನು ಶಾಲಾ ವರ್ಷದ ಕೊನೇ ಅರ್ಧದಲ್ಲಿದ್ದರೆ ಆ ವರ್ಷ ಮುಗಿಯುವವರೆಗೆ ಸಮಯ ಕೇಳಬಹುದಿತ್ತು. ತಂದೆ ತಾಯಿ ಸಹಿ ಹಾಕಿದರೆ ಹದಿನೇಳಕ್ಕೇ ನೌಕಾಪಡೆ ಸೇರಬಹುದಿತ್ತು. ನಿಮ್ಮ ಪುಸ್ತಕದಲ್ಲಿ ಹೆಸರಿನ ಪಕ್ಕ ‘ನೌಕಾಪಡೆ’ ಅಂತ ಇರುವ ಹುಡುಗರು ಬಹುಶಃ ಹಾಗೆ ಹೋದವರೇ. ಫೋಟೋ ತೆಗೆಯುವ ದಿನ ಬರುವ ಹೊತ್ತಿಗೆ ಅವರು ಊರಲ್ಲಿ ಇರಲಿಲ್ಲ.

ಈಗ ಕಪ್ಪು ವಿಮಾನಗಳು. ಇದು ನನಗೆ ತುಂಬ ಇಷ್ಟವಾದ ವಿಷಯ, ಸ್ವಲ್ಪ ಜಾಸ್ತಿ ಬರೀತೀನಿ.

ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ್ದು 1941ರ ಡಿಸೆಂಬರ್ 7, ಭಾನುವಾರ. ಮರುವರ್ಷದ ಶುರುವಿನಲ್ಲೇ ಅಮೆರಿಕದ ನೌಕಾಪಡೆ ದೇಶದ ಶಾಲಾ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಒಟ್ಟು 5 ಲಕ್ಷ ಮಾದರಿ ವಿಮಾನ ಬೇಕು, 50 ಬಗೆಯವು, ಒಂದೊಂದರಲ್ಲಿ ಹತ್ತು ಸಾವಿರ. ಆಟಕ್ಕಲ್ಲ. ಆಕಾಶದಲ್ಲಿ ದೂರದಿಂದ ಒಂದು ವಿಮಾನ ಬರ್ತಿದೆ, ಅದು ನಮ್ಮದಾ ಶತ್ರುವಿನದಾ ಅಂತ ಕೆಲವೇ ಸೆಕೆಂಡಿನಲ್ಲಿ ಗೊತ್ತಾಗಬೇಕು, ಗೊತ್ತಾಗದೆ ಗುಂಡು ಹಾರಿಸಿದರೆ ಸಾಯೋದು ನಮ್ಮವನೇ ಆಗಿರಬಹುದು. ಆ ಅಭ್ಯಾಸ ಮಾಡಿಸೋಕೆ ಮಾದರಿಗಳು ಬೇಕಿದ್ದವು. ಕಪ್ಪು ಬಣ್ಣ ಯಾಕೆ ಅಂದ್ರೆ, ದೂರದ ಆಕಾಶದಲ್ಲಿ ವಿಮಾನ ಕಾಣೋದು ಕಪ್ಪು ನೆರಳಾಗಿ ಮಾತ್ರ. ಬಣ್ಣ, ಗುರುತು ಏನೂ ಕಾಣಲ್ಲ. ರೆಕ್ಕೆಯ ಆಕಾರ, ಬಾಲದ ಆಕಾರ, ಮೂತಿ, ಇಷ್ಟೇ.

ಅಳತೆ 72ಕ್ಕೆ 1. ಅಂದ್ರೆ ಮಾದರಿಯ ಒಂದು ಇಂಚು ನಿಜವಾದ ವಿಮಾನದ ಆರು ಅಡಿ. ಇದನ್ನು ಸುಮ್ನೆ ಆರಿಸಿದ್ದಲ್ಲ. ಈ ಮಾದರಿಯನ್ನು 35 ಅಡಿ ದೂರದಲ್ಲಿ ತೂಗುಹಾಕಿ ನೋಡಿದರೆ, 35 ಗುಣಿಲೆ 72 ಅಂದ್ರೆ 2520 ಅಡಿ, ಹೆಚ್ಚು ಕಡಿಮೆ ಅರ್ಧ ಮೈಲಿ ದೂರದ ನಿಜವಾದ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತೋ ಅಷ್ಟೇ ಕಾಣುತ್ತೆ. ಒಂದು ದೊಡ್ಡ ಕೋಣೆಯೊಳಗೇ ಅರ್ಧ ಮೈಲಿ ಆಕಾಶ ಸಿಕ್ಕಂತಾಯ್ತು. ಮಕ್ಕಳು ಮೆದು ಮರದ ತುಂಡನ್ನು ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ರಟ್ಟಿನ ಅಚ್ಚು ಇಟ್ಟು ನೋಡಿ, ಮತ್ತೆ ಉಜ್ಜಿ, ಕಡೆಗೆ ಬಣ್ಣ ಬಳೀತಿದ್ದರು. ಅಳತೆ ತಪ್ಪಿದರೆ ವಾಪಸ್. ನಿಮ್ಮ ಫೋಟೋದಲ್ಲಿ ಆ ಹುಡುಗರು ವಿಮಾನವನ್ನು ಹೇಗೆ ಹಿಡಿದಿದ್ದಾರೆ ನೋಡಿ. ಪಾಸಾದ ಮಾದರಿಯನ್ನು ಹಿಡಿದಿರೋ ಕೈ ಅದು.

ಕ್ಲಾಸಿನ ಪಾಠಕ್ಕೆ ಬರೋಣ. ಇಂಗ್ಲಿಷ್, ಇತಿಹಾಸ ಎಲ್ಲ ಇದ್ದೇ ಇತ್ತು. ಜಾಸ್ತಿ ಬದಲಾಗಿದ್ದು ಗಣಿತ ಮತ್ತು ವಿಜ್ಞಾನ. ಇದರ ಹಿಂದೆ ಒಂದು ಪತ್ರ ಇದೆ. ಆಮೇಲೆ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರಾದ ನಿಮಿಟ್ಜ್, ಯುದ್ಧಕ್ಕೆ ಸ್ವಲ್ಪ ಮುಂಚೆ ಬರೆದದ್ದು. 27 ಕಾಲೇಜು, ವಿಶ್ವವಿದ್ಯಾಲಯಗಳ 4200 ಹೊಸ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟರೆ, ಅಂಕಗಣಿತದ ಭಾಗದಲ್ಲಿ ನೂರಕ್ಕೆ 68 ಮಂದಿ ಫೇಲು ಅಂತ ಅದರಲ್ಲಿತ್ತು. ಹಡಗು ನಡೆಸೋಕೆ, ತೋಪಿನ ಗುರಿ ಕಟ್ಟೋಕೆ ಲೆಕ್ಕ ಬೇಕು, ಹುಡುಗರಿಗೆ ಲೆಕ್ಕ ಬರಲ್ಲ ಅನ್ನೋದು ಆ ಪತ್ರದ ಅಳಲು. ಆ ಪತ್ರ ದೇಶದ ಗಣಿತದ ಮೇಷ್ಟ್ರುಗಳ ನಡುವೆ ಓಡಾಡಿತು. ಗಣಿತದ ಪುಸ್ತಕದಲ್ಲಿ ವಿಮಾನದ ವೇಗ, ಗಾಳಿಯ ದಿಕ್ಕು, ಇಂಧನ ಎಷ್ಟು ದೂರಕ್ಕೆ ಸಾಕು ಅನ್ನೋ ಲೆಕ್ಕಗಳು ಬಂದವು. ತ್ರಿಕೋನಮಿತಿ ಬೇಡ ಅಂತ ಓಡಿಹೋಗುತ್ತಿದ್ದ ಹುಡುಗರೇ ಪೈಲಟ್ ಆಗಬೇಕು ಅಂತ ಅದೇ ಕ್ಲಾಸಿಗೆ ಹೆಸರು ಕೊಟ್ಟರು.

ಸೇನೆ ಸೇರುವ ಮುಂಚಿನ ತಯಾರಿ ಅಂತಲೇ ಕೆಲವು ವಿಷಯಗಳನ್ನು 1942ರಲ್ಲಿ ಹೊಸದಾಗಿ ರೂಪಿಸಿದರು. ವಿದ್ಯುತ್ತಿನ ಮೂಲಪಾಠ, ಯಂತ್ರಗಳು, ರೇಡಿಯೊ, ಮೋಟಾರು ವಾಹನ ರಿಪೇರಿ. ವಿಮಾನಯಾನಕ್ಕೆ ಬೇರೆಯದೇ ಕೋರ್ಸು: ಹವಾಮಾನ, ದಿಕ್ಕು ಕಂಡುಹಿಡಿಯೋದು, ರೆಕ್ಕೆ ಹೇಗೆ ಮೇಲೆತ್ತುತ್ತೆ ಅನ್ನೋ ವಿಜ್ಞಾನ. ಭೂಗೋಳದಲ್ಲಿ ಗೋಡೆಯ ನಕ್ಷೆಯೇ ಬದಲಾಯ್ತು. ಉತ್ತರ ಧ್ರುವವನ್ನು ನಡುವೆ ಇಟ್ಟು ಬರೆದ ದುಂಡಗಿನ ನಕ್ಷೆಗಳು ಬಂದವು. ವಿಮಾನದಲ್ಲಿ ಹೋದರೆ ರಷ್ಯಾ, ಅಮೆರಿಕ ಎರಡೂ ಎಷ್ಟು ಹತ್ತಿರ ಅಂತ ಮಕ್ಕಳು ಅದರಲ್ಲಿ ಮೊದಲ ಸಲ ನೋಡಿದರು. ಬರ್ಮಾ, ಅಸ್ಸಾಂ ಅನ್ನೋ ಹೆಸರು ಕೇಳದೆ ಇದ್ದವರು ಅದನ್ನು ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದರು, ಯಾಕಂದ್ರೆ ಯಾರದ್ದೋ ಅಣ್ಣ ಅಲ್ಲಿದ್ದ.

ಅವರಲ್ಲಿ ಕೆಲವರ ಅಣ್ಣಂದಿರು ನಮ್ಮೂರಲ್ಲೂ ಇದ್ದರು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು, ಅದೇ ಈಗಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಕೊಟ್ಟಿದ್ದರು. ಚೀನಾ, ಬರ್ಮಾ ಕಡೆ ಹಾರುವ ವಿಮಾನಗಳ ರಿಪೇರಿ ಅಲ್ಲಿ ನಡೀತಿತ್ತು. ಬೆಂಗಳೂರಿನ ನಮ್ಮ ಕೆಲಸಗಾರರ ಪಕ್ಕ ನಿಂತು ಸ್ಪ್ಯಾನರ್ ಹಿಡಿದ ಆ ಹುಡುಗರಲ್ಲಿ ಎಷ್ಟೋ ಜನ ಹೈಸ್ಕೂಲ್ ಬಿಟ್ಟು ಬಹಳ ದಿನವೇನೂ ಆಗಿರಲಿಲ್ಲ.

‘ವಿಕ್ಟರಿ ಕೋರ್’ ಪುಟದ ಬಗ್ಗೆ ಕೇಳಿದ್ದೀರಿ. ನಮ್ಮ ಎನ್‌ಸಿಸಿಯನ್ನು ನೆನೆಸಿಕೊಳ್ಳಿ, ಆದರೆ ಅದರಷ್ಟು ಬಿಗಿ ಇಲ್ಲ, ಬಂದೂಕೂ ಕಡ್ಡಾಯವಲ್ಲ, ಹುಡುಗಿಯರೂ ಸಮನಾಗಿ ಇರ್ತಿದ್ದರು. 1942ರ ಸೆಪ್ಟೆಂಬರ್‌ನಲ್ಲಿ ಶುರುವಾಯ್ತು. ಸೇರಬೇಕಾದರೆ ವ್ಯಾಯಾಮದ ಕಾರ್ಯಕ್ರಮದಲ್ಲಿ ಇರಬೇಕು, ಯುದ್ಧಕ್ಕೆ ಉಪಯೋಗವಾಗುವ ಒಂದು ವಿಷಯ ಓದುತ್ತಿರಬೇಕು, ಊರಿನಲ್ಲಿ ಯಾವುದಾದರೂ ಸೇವೆ ಮಾಡ್ತಿರಬೇಕು. ಮುಂದೆ ಏನಾಗ್ತೀಯ ಅನ್ನೋದರ ಮೇಲೆ ಐದು ವಿಭಾಗ: ಆಕಾಶ, ನೆಲ, ಸಮುದ್ರ, ಉತ್ಪಾದನೆ, ಸಮುದಾಯ ಸೇವೆ. ಇದರ ಮುಖ್ಯಸ್ಥರಾಗಿ ಬಂದವರು ಎಡ್ಡಿ ರಿಕನ್‌ಬ್ಯಾಕರ್, ಮೊದಲ ಮಹಾಯುದ್ಧದಲ್ಲಿ 26 ಶತ್ರು ವಿಮಾನ, ಬಲೂನು ಉರುಳಿಸಿದ ಹೆಸರಾಂತ ಪೈಲಟ್. ಕೆಲಸ ಒಪ್ಪಿಕೊಂಡ ಮುಂದಿನ ತಿಂಗಳೇ ಅವರ ವಿಮಾನ ಪೆಸಿಫಿಕ್ ಸಾಗರದಲ್ಲಿ ಇಳಿಯಬೇಕಾಯ್ತು, 24 ದಿನ ರಬ್ಬರ್ ತೆಪ್ಪದಲ್ಲಿ ತೇಲಾಡಿ ಬದುಕಿ ಬಂದರು. ಆಗ ಶಾಲೆಗಳಲ್ಲಿ ಎಂಥಾ ಕಾತರ ಇದ್ದಿರಬೇಕು ಯೋಚಿಸಿ. ಈ ಕೋರ್ 1944ರಲ್ಲಿ ಮುಗಿಯಿತು. ಎಷ್ಟೋ ಶಾಲೆಗಳು ಸೇರಲೇ ಇಲ್ಲ. ಹದಿನಾಲ್ಕು ವರ್ಷದ ಮಗುವನ್ನು ಸೈನಿಕನ ಅಚ್ಚಿಗೆ ಹಾಕೋದು ಸರಿಯಾ ಅಂತ ಆಗಲೇ ಕೇಳಿದ ಶಿಕ್ಷಕರಿದ್ದರು. ಆ ಪ್ರಶ್ನೆ ಸರಿಯಾದದ್ದು ಅಂತ ನನಗನ್ನಿಸುತ್ತೆ.

ದಿನಚರಿ ಹೇಗಿತ್ತು? 1942ರ ಫೆಬ್ರುವರಿ 9ರಿಂದ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು, ವರ್ಷಪೂರ್ತಿ, 1945ರ ಸೆಪ್ಟೆಂಬರ್ ಕೊನೆಯವರೆಗೆ. ವಿದ್ಯುತ್ ಉಳಿಸೋಕೆ. ಚಳಿಗಾಲದಲ್ಲಿ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೊರಡಬೇಕಾಗಿತ್ತು. ಸೈರನ್ ಅಭ್ಯಾಸ ಇತ್ತು, ಕಿಟಕಿ ಬಿಟ್ಟು ಒಳಗಿನ ಮೊಗಸಾಲೆಗೆ ಹೋಗಿ ಗೋಡೆಗೆ ಒರಗಿ ಕೂರೋದು. ಟೈರು, ಪೆಟ್ರೋಲು ರೇಷನ್ ಆಗಿದ್ದರಿಂದ ಬೇರೆ ಊರಿಗೆ ಪಂದ್ಯಕ್ಕೆ ಹೋಗೋದು ಕಡಿಮೆಯಾಯ್ತು. ಕೆಲವು ಶಾಲೆಗಳು ಪಕ್ಕದೂರಿನವರ ಜೊತೆ ಮಾತ್ರ ಆಡಿದವು. ಸಕ್ಕರೆ, ಕಾಫಿ, 1943ರ ಫೆಬ್ರುವರಿಯಿಂದ ಚಪ್ಪಲಿ, ಬೂಟು ಕೂಡ ಚೀಟಿ ಲೆಕ್ಕ. 1942ರ ಮೇ ತಿಂಗಳಲ್ಲಿ ಮೊದಲ ರೇಷನ್ ಪುಸ್ತಕಕ್ಕೆ ಜನರ ಹೆಸರು ಬರೆದುಕೊಂಡವರು ಯಾರು ಗೊತ್ತಾ? ಶಾಲೆಯ ಮೇಷ್ಟ್ರು, ಟೀಚರ್‌ಗಳೇ. ನಮ್ಮಲ್ಲಿ ಜನಗಣತಿ, ಚುನಾವಣೆ ಎಲ್ಲದಕ್ಕೂ ಮೇಷ್ಟ್ರನ್ನೇ ಕರೀತಾರಲ್ಲ, ಹಾಗೇ.

ಆ ಮೇಷ್ಟ್ರುಗಳೇ ಆಮೇಲೆ ಸಿಗದ ಹಾಗಾಯ್ತು. ಗಂಡಸರು ಸೇನೆಗೆ ಹೋದರು, ಹೆಂಗಸರಲ್ಲೂ ಎಷ್ಟೋ ಜನ ಜಾಸ್ತಿ ಸಂಬಳದ ಕಾರ್ಖಾನೆ ಕೆಲಸಕ್ಕೆ ಹೋದರು. ಮದುವೆಯಾದ ಹೆಂಗಸಿಗೆ ಪಾಠ ಮಾಡೋ ಕೆಲಸ ಇಲ್ಲ ಅಂತ ಅಲ್ಲಿಯವರೆಗೆ ಬಹಳ ಕಡೆ ನಿಯಮ ಇತ್ತು. ಯುದ್ಧದಲ್ಲಿ ಆ ನಿಯಮ ಸದ್ದಿಲ್ಲದೆ ಬಿದ್ದುಹೋಯ್ತು. ನಿಮ್ಮ ಪುಸ್ತಕದ ಶಿಕ್ಷಕರ ಪುಟದಲ್ಲಿ ‘ಮಿಸೆಸ್’ ಅಂತ ಎಷ್ಟು ಹೆಸರಿವೆ ಎಣಿಸಿ ನೋಡಿ, ಸಿಕ್ಕರೆ 1940ರ ಪುಸ್ತಕದ ಜೊತೆ ಹೋಲಿಸಿ.

ಮಕ್ಕಳೂ ಕಡಿಮೆಯಾದರು. ಸರ್ಕಾರಿ ಹೈಸ್ಕೂಲುಗಳಲ್ಲಿ 1940ರಲ್ಲಿ ಸುಮಾರು 66 ಲಕ್ಷ ಇದ್ದವರು 1944ರ ಹೊತ್ತಿಗೆ ಸುಮಾರು 55 ಲಕ್ಷ. ಎಲ್ಲರೂ ಸೇನೆಗೆ ಹೋದದ್ದಲ್ಲ. ಕೆಲಸಕ್ಕೆ ಹೋದವರು ಬಹಳ. ಹದಿನಾರು ವರ್ಷದ ಹುಡುಗನಿಗೆ ಹಡಗುಕಟ್ಟೆಯಲ್ಲಿ ಅಪ್ಪನಿಗೆ ಯಾವತ್ತೂ ಸಿಗದಿದ್ದ ಕೂಲಿ ಸಿಗ್ತಿತ್ತು. ಅಂಥವನನ್ನು ಬೆಂಚಿನ ಮೇಲೆ ಕೂರಿಸೋದು ಹೇಗೆ? ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಗಂಟೆ ಪಾಠ, ನಾಲ್ಕು ಗಂಟೆ ಕೆಲಸ ಅನ್ನೋ ಏರ್ಪಾಡು ಮಾಡಿ ಕೆಲವರನ್ನು ಉಳಿಸಿಕೊಂಡರು. ಹೊಲದ ಊರುಗಳಲ್ಲಿ ಕೊಯ್ಲಿನ ಕಾಲಕ್ಕೆ ಶಾಲೆ ತೆರೆಯೋದನ್ನೇ ಮುಂದೂಡಿ ಮಕ್ಕಳನ್ನು ತೋಟಕ್ಕೆ ಕಳಿಸಿದರು. ಕಡೆಗೆ ಸರ್ಕಾರವೇ ‘ಶಾಲೆಗೆ ವಾಪಸ್ ಬನ್ನಿ’ ಅಂತ ಪ್ರಚಾರ ಮಾಡಬೇಕಾಯ್ತು. ಯುದ್ಧಕ್ಕೆ ಬನ್ನಿ ಅಂತ ಕರೆದದ್ದೂ ಅದೇ ಸರ್ಕಾರ.

ಆ ಸ್ಟಾಂಪ್ ಆಲ್ಬಮ್ ವಿಷಯ. ಅದು ಯುದ್ಧ ಉಳಿತಾಯದ ಸ್ಟಾಂಪು. ವಾರಕ್ಕೊಂದು ದಿನ ಕ್ಲಾಸಿನಲ್ಲೇ ಮಾರುತ್ತಿದ್ದರು, 10 ಸೆಂಟಿಂದು, 25 ಸೆಂಟಿಂದು. 25ರ 75 ಸ್ಟಾಂಪ್ ತುಂಬಿದರೆ 18 ಡಾಲರ್ 75 ಸೆಂಟ್. ಅದನ್ನು ಕೊಟ್ಟರೆ ಒಂದು ಯುದ್ಧ ಬಾಂಡ್, ಹತ್ತು ವರ್ಷದ ಮೇಲೆ 25 ಡಾಲರ್ ಆಗುತ್ತೆ. ನಿಮ್ಮ ಆಲ್ಬಮ್‌ನಲ್ಲಿ 31 ಇದೆ ಅಂದ್ರೆ 7 ಡಾಲರ್ 75 ಸೆಂಟ್, ಇನ್ನೂ 44 ಬಾಕಿ. ಶಾಲೆಯ ನೂರಕ್ಕೆ 90 ಮಕ್ಕಳು ಸ್ಟಾಂಪ್ ಕೊಳ್ಳುತ್ತಿದ್ದರೆ ಆ ಶಾಲೆಗೆ ‘ಮಿನಿಟ್ ಮ್ಯಾನ್’ ಬಾವುಟ ಹಾರಿಸುವ ಗೌರವ. ಇಷ್ಟು ಬಾಂಡ್ ಮಾರಿದರೆ ನಿಮ್ಮ ಶಾಲೆ ಸೇನೆಗೆ ಒಂದು ಜೀಪ್ ಕೊಟ್ಟ ಹಾಗೆ ಅಂತಲೂ ಪೈಪೋಟಿ ನಡೀತಿತ್ತು. ಇದರಲ್ಲಿ ಹುರುಪು ಇತ್ತು, ನಿಜ. ಆದರೆ ಮನೆಯಲ್ಲಿ ಕಾಸಿಲ್ಲದ ಮಗುವಿಗೆ ಆ ಸ್ಟಾಂಪಿನ ದಿನ ಎಷ್ಟು ಕಷ್ಟದ್ದು ಅಂತ ನಾನು ಯಾವಾಗಲೂ ಯೋಚಿಸ್ತೀನಿ. ಬಾವುಟ ಹಾರದೆ ಇರೋದಕ್ಕೆ ನೀನೇ ಕಾರಣ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗುಜರಿ ಸಂಗ್ರಹದ ಫೋಟೋನೂ ನಿಮ್ಮ ಪುಸ್ತಕದಲ್ಲಿರಬಹುದು. 1942ರ ಕೊನೆಯಲ್ಲಿ ದೇಶದ ತುಂಬ ಮಕ್ಕಳು ಹಳೇ ಕಬ್ಬಿಣ ಎಳೆದು ತಂದು ಶಾಲೆಯ ಅಂಗಳದಲ್ಲಿ ರಾಶಿ ಹಾಕಿದರು. ಇನ್ನೊಂದು ಸಂಗ್ರಹ ನಮಗೆ ಚೆನ್ನಾಗಿ ಅರ್ಥವಾಗೋ ಅಂಥದ್ದು. ಹಡಗಿನವರ ಜೀವರಕ್ಷಕ ಜಾಕೆಟ್ಟಿಗೆ ಆಗ ತುಂಬುತ್ತಿದ್ದದ್ದು ಬಿಳಿ ಬೂರುಗದ ಹತ್ತಿ, ನಮ್ಮ ಹಳ್ಳಿಗಳಲ್ಲಿ ದಿಂಬಿಗೆ ತುಂಬುತ್ತಾರಲ್ಲ, ಅದು. ಜಾವಾ ದ್ವೀಪದಿಂದ ಬರುತ್ತಿತ್ತು. ಜಪಾನ್ ಅದನ್ನು ಹಿಡಿದ ಮೇಲೆ ಹತ್ತಿ ನಿಂತುಹೋಯ್ತು. ಬದಲಿಗೆ ಸಿಕ್ಕಿದ್ದು ಅಮೆರಿಕದ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯೋ ಮಿಲ್ಕ್‌ವೀಡ್ ಅನ್ನೋ ಕಳೆ. ನಮ್ಮ ಎಕ್ಕದ ಕುಟುಂಬದ್ದೇ ಗಿಡ. ಮುರಿದರೆ ಹಾಲು, ಕಾಯಿ ಒಡೆದರೆ ಗಾಳಿಯಲ್ಲಿ ಹಾರೋ ರೇಷ್ಮೆಯಂಥ ಬಿಳಿ ಎಳೆ. 1944ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಕ್ಕಳು, ಮುಖ್ಯವಾಗಿ ಮಧ್ಯ ಮತ್ತು ಪೂರ್ವದ ರಾಜ್ಯಗಳಲ್ಲಿ, ಈರುಳ್ಳಿ ತುಂಬೋ ಬಲೆಚೀಲ ಹಿಡಿದು ಹೊಲ ಹೊಲ ಸುತ್ತಿ ಈ ಕಾಯಿ ಕಿತ್ತರು. ಚೀಲಗಳನ್ನು ಬೇಲಿಗೆ ನೇತುಹಾಕಿ ಒಣಗಿಸಿ, ಮಿಷಿಗನ್ ರಾಜ್ಯದ ಪೆಟೋಸ್ಕಿ ಅನ್ನೋ ಊರಿನ ಕಾರ್ಖಾನೆಗೆ ಕಳಿಸುತ್ತಿದ್ದರು. ಎರಡು ಚೀಲಕ್ಕೆ ಒಂದು ಜಾಕೆಟ್, ಅಂದ್ರೆ ಒಂದು ಜೀವ. ಒಂದು ಮಗು ಮಾಡಬಹುದಾದ ಯುದ್ಧದ ಕೆಲಸಗಳಲ್ಲಿ ಇದರಷ್ಟು ಒಳ್ಳೆಯದು ನನಗೆ ಬೇರೆ ಕಾಣಲ್ಲ. ಇದರಿಂದ ಯಾರೂ ಸಾಯಲ್ಲ.

ಈಗ ಇಲ್ಲದವರ ಮಾತು.

ನಿಮ್ಮದು ಕ್ಯಾಲಿಫೋರ್ನಿಯಾದ ಪುಸ್ತಕ. 1943ರದ್ದು. ಅದರಲ್ಲಿ ಜಪಾನಿ ಹೆಸರು ಒಂದಾದರೂ ಇದೆಯಾ ಅಂತ ನಿಮ್ಮ ಮಗಳಿಗೆ ಹೇಳಿ ನೋಡಿಸಿ. ಇರಲಾರದು. ಆಮೇಲೆ ಅದೇ ಶಾಲೆಯ 1941ರ ಪುಸ್ತಕ ಹುಡುಕಿಸಿ. ತರಕಾರಿ, ಹಣ್ಣು ಬೆಳೆಯೋ ಊರಾಗಿದ್ದರೆ, ಫುಟ್‌ಬಾಲ್ ತಂಡದಲ್ಲಿ, ಗಣಿತದ ಕ್ಲಬ್‌ನಲ್ಲಿ, ವಿದ್ಯಾರ್ಥಿ ಸಂಘದಲ್ಲಿ ಆ ಹೆಸರುಗಳು ಸಿಗಬಹುದು. ಅವರು ಎಲ್ಲಿ ಹೋದರು?

1941ರ ಡಿಸೆಂಬರ್ 8ರ ಸೋಮವಾರ, ದಾಳಿಯ ಮರುದಿನ, ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧದ ಭಾಷಣ ಮಾಡಿದಾಗ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ 12:30, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9:30. ಶಾಲೆಯ ಹೊತ್ತು. ಎಷ್ಟೋ ಶಾಲೆಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ರೇಡಿಯೊ ಕೇಳಿಸಿದರು. ಜಪಾನಿ ಮೂಲದ ಮಕ್ಕಳೂ ಅದೇ ಸಭಾಂಗಣದಲ್ಲಿ ಕೂತು ಕೇಳಿದರು. ಅಲ್ಲೇ ಹುಟ್ಟಿದವರು, ಅಮೆರಿಕದ ಪ್ರಜೆಗಳು. 1942ರ ಫೆಬ್ರುವರಿ 19ರಂದು ಅಧ್ಯಕ್ಷರ ಆದೇಶ 9066 ಬಂತು, ಸೇನೆ ತಾನು ಗುರುತಿಸಿದ ಪ್ರದೇಶಗಳಿಂದ ಜನರನ್ನು ಹೊರಹಾಕಬಹುದು ಅಂತ. ಮಾರ್ಚ್‌ನಿಂದ ಆಗಸ್ಟ್ ಒಳಗೆ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರನ್ನು, ಮನೆ ಬಿಡಿಸಿ ಸಾಗಿಸಿದರು. ಮೂವರಲ್ಲಿ ಇಬ್ಬರು ಹುಟ್ಟಿನಿಂದ ಅಮೆರಿಕನ್ನರು. ಶಾಲಾ ವರ್ಷ ಮುಗಿದಿರಲಿಲ್ಲ. ಕೆಲವು ಶಾಲೆಗಳ 1942ರ ಇಯರ್‌ಬುಕ್‌ನಲ್ಲಿ ಅವರ ಫೋಟೋ ಇದೆ, ಪುಸ್ತಕ ಹಂಚುವ ಹೊತ್ತಿಗೆ ಅವರೇ ಇಲ್ಲ.

ಎಷ್ಟೋ ಜನರನ್ನು ಮೊದಲು ಕುದುರೆ ರೇಸಿನ ಮೈದಾನಗಳಿಗೆ ಕರೆದೊಯ್ದರು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಟ್ಯಾನ್‌ಫೊರಾನ್‌ನಲ್ಲಿ ಕುಟುಂಬಗಳು ಕುದುರೆ ಲಾಯದಲ್ಲಿ ಮಲಗಿದವು, ಹೈಸ್ಕೂಲ್ ಪಾಠ ರೇಸ್ ನೋಡೋ ಗ್ಯಾಲರಿಯಲ್ಲಿ ನಡೀತು. ಆಮೇಲೆ ಊರಿಂದ ದೂರದ ಹತ್ತು ಕ್ಯಾಂಪ್‌ಗಳು, ಬಹಳಷ್ಟು ಮರುಭೂಮಿಯಂಥ ಒಣ ಜಾಗದಲ್ಲಿ. ಸುತ್ತ ಮುಳ್ಳುತಂತಿ, ಕಾವಲು ಗೋಪುರ. ಕ್ಯಾಲಿಫೋರ್ನಿಯಾದ ಮ್ಯಾಂಜನಾರ್ ಕ್ಯಾಂಪಿನಲ್ಲಿ 1942ರ ಕೊನೆಗೆ ಶಾಲೆ ಶುರುವಾದಾಗ ಬೆಂಚಿಲ್ಲ, ಕುರ್ಚಿಯಿಲ್ಲ, ಮಕ್ಕಳು ನೆಲದ ಮೇಲೆ ಕೂತರು. ಹಲಗೆ ಸಂದಿನಿಂದ ಧೂಳು ನುಗ್ಗುತ್ತಿತ್ತು. ಹೊರಗಿನಿಂದ ಬಂದ ಶಿಕ್ಷಕರಿಗೆ ಸರ್ಕಾರಿ ಸಂಬಳ. ಒಳಗಿದ್ದ ಜಪಾನಿ ಮೂಲದ ಪದವೀಧರರಿಗೆ ತಿಂಗಳಿಗೆ ಜಾಸ್ತಿ ಅಂದ್ರೆ 19 ಡಾಲರ್. ಆ ಮಕ್ಕಳೂ ದಿನಾ ಬೆಳಿಗ್ಗೆ ಬಾವುಟದ ಮುಂದೆ ನಿಂತು ಪ್ರತಿಜ್ಞೆ ಹೇಳಿದರು, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ಅಂತ ಮುಗಿಯೋ ಪ್ರತಿಜ್ಞೆ. ಅವರೂ ನಾಟಕ ಆಡಿದರು, ಡಾನ್ಸ್ ಮಾಡಿದರು, ಫುಟ್‌ಬಾಲ್ ಆಡಿದರು, ಇಯರ್‌ಬುಕ್ ತಂದರು. ಮ್ಯಾಂಜನಾರ್‌ನ ಇಯರ್‌ಬುಕ್‌ಗೆ ಫೋಟೋ ತೆಗೆದವರು ಟೊಯೊ ಮಿಯಾಟಾಕೆ ಅನ್ನೋ ಛಾಯಾಗ್ರಾಹಕರು. ಅವರೂ ಅಲ್ಲಿನ ಬಂದಿ. ಕ್ಯಾಮೆರಾ ನಿಷೇಧ ಅಂತ ಲೆನ್ಸನ್ನು ಗುಟ್ಟಾಗಿ ತಂದು, ಕ್ಯಾಂಪಿನ ಒಳಗೆ ಮರದ ಪೆಟ್ಟಿಗೆ ಮಾಡಿಸಿ ಕ್ಯಾಮೆರಾ ಕಟ್ಟಿಕೊಂಡಿದ್ದರು. 1944ರ ಜನವರಿಯಿಂದ ಈ ಕ್ಯಾಂಪ್‌ಗಳ ಹುಡುಗರಿಗೂ ಸೇನೆಯ ಕರೆ ಬರೋಕೆ ಶುರುವಾಯ್ತು. ಅಪ್ಪ ಅಮ್ಮ ಇನ್ನೂ ತಂತಿಯ ಒಳಗೇ ಇದ್ದರು.

ದಕ್ಷಿಣದ ಹದಿನೇಳು ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಕಾನೂನಿನಂತೆಯೇ ಬೇರೆ ಶಾಲೆ. ಅವರ ಶಾಲೆಯ ಗೋಡೆಯಲ್ಲೂ ಯುದ್ಧಕ್ಕೆ ಹೋದವರ ಹೆಸರಿನ ನೀಲಿ ನಕ್ಷತ್ರ, ಸತ್ತವರ ಚಿನ್ನದ ನಕ್ಷತ್ರ ಇದ್ದವು. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮಕ್ಕಳಿಗೆ ಎಷ್ಟೋ ಊರಲ್ಲಿ ಪ್ರತ್ಯೇಕ ಶಾಲೆ ಇತ್ತು. ಇಲ್ಲಿ ಎರಡು ಅನ್ಯಾಯ ಒಂದೇ ಹೊಲದಲ್ಲಿ ಸಂಧಿಸಿದ ಕಥೆ ಇದೆ. ವೆಸ್ಟ್‌ಮಿನ್‌ಸ್ಟರ್ ಅನ್ನೋ ಊರಲ್ಲಿ ಮುನೆಮಿತ್ಸು ಕುಟುಂಬವನ್ನು ಕ್ಯಾಂಪಿಗೆ ಸಾಗಿಸಿದಾಗ ಅವರ ಹೊಲವನ್ನು ಗುತ್ತಿಗೆಗೆ ಪಡೆದವರು ಮೆಂಡೆಸ್ ಕುಟುಂಬ. ಅಲ್ಲಿಗೆ ಬಂದು ಮಕ್ಕಳನ್ನು ಶಾಲೆಗೆ ಸೇರಿಸೋಕೆ ಹೋದರೆ, ಮೆಕ್ಸಿಕನ್ ಶಾಲೆಗೆ ಹೋಗಿ ಅಂದರು. 1945ರಲ್ಲಿ ಅವರು ಇತರ ಕುಟುಂಬಗಳ ಜೊತೆ ಮೊಕದ್ದಮೆ ಹೂಡಿದರು, ಗೆದ್ದರು. ಆ ರಾಜ್ಯದ ಪ್ರತ್ಯೇಕ ಶಾಲೆಗಳ ಕಾನೂನು 1947ರಲ್ಲಿ ಹೋಯ್ತು.

ಬಾವುಟದ ಮಾತು ಬಂತಲ್ಲ, ಅದರಲ್ಲಿ ಇನ್ನೊಂದು ವಿಷಯ ಇದೆ. ನಿಮ್ಮ ಮಗಳಿಗೆ 1941ರ ಪುಸ್ತಕ ಸಿಕ್ಕಿ, ಮಕ್ಕಳು ಬಾವುಟಕ್ಕೆ ಬಲಗೈ ನೀಳವಾಗಿ ಚಾಚಿ ನಿಂತಿರೋ ಫೋಟೋ ಕಂಡರೆ ಗಾಬರಿಯಾಗಬೇಡಿ. ಅಮೆರಿಕದಲ್ಲಿ ಹಿಟ್ಲರ್‌ಗಿಂತ ಎಷ್ಟೋ ಮುಂಚಿನಿಂದ ಆ ರೂಢಿ ಇತ್ತು. ನಾಜಿ ಸಲ್ಯೂಟಿನ ಹಾಗೇ ಕಾಣುತ್ತೆ ಅಂತ 1942ರ ಡಿಸೆಂಬರ್‌ನಲ್ಲಿ ಅದನ್ನು ಬದಲಿಸಿ, ಕೈ ಎದೆಯ ಮೇಲೆ ಇಡೋದು ಅಂತ ಮಾಡಿದರು. ಆರು ತಿಂಗಳ ಮೇಲೆ, 1943ರ ಜೂನ್ 14ರಂದು, ಸುಪ್ರೀಂ ಕೋರ್ಟ್ ಇನ್ನೂ ದೊಡ್ಡ ಮಾತು ಹೇಳಿತು. ಪಶ್ಚಿಮ ವರ್ಜೀನಿಯಾದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ಧರ್ಮದ ಕಾರಣಕ್ಕೆ ಬಾವುಟಕ್ಕೆ ವಂದಿಸಲ್ಲ ಅಂದಿದ್ದಕ್ಕೆ ಶಾಲೆಯಿಂದ ಹೊರಹಾಕಿದ್ದರು. ಯಾವ ಮಗುವನ್ನೂ ಬಲವಂತವಾಗಿ ವಂದಿಸುವ ಹಾಗೆ ಮಾಡಬಾರದು ಅಂತ ಆರು ನ್ಯಾಯಾಧೀಶರು ತೀರ್ಪು ಕೊಟ್ಟರು, ಮೂವರು ಒಪ್ಪಲಿಲ್ಲ. ಯುದ್ಧ ಇನ್ನೂ ಜೋರಾಗಿ ನಡೀತಿರುವಾಗ ಇದು. ನಮ್ಮಲ್ಲೂ 1986ರಲ್ಲಿ ಕೇರಳದ ಅದೇ ಪಂಥದ ಮೂವರು ಮಕ್ಕಳ ರಾಷ್ಟ್ರಗೀತೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿಯೇ ನಿಂತಿತು.

ಕೊನೇ ವರ್ಷ ಮುಗಿಸದೆ ಹೋದ ಹುಡುಗರ ಗತಿ ಏನಾಯ್ತು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಅಂಥವರಿಗಾಗಿಯೇ 1942ರಲ್ಲಿ ಜಿಇಡಿ ಅನ್ನೋ ಪರೀಕ್ಷೆ ರೂಪಿಸಿದರು, ಅದು ಪಾಸಾದರೆ ಹೈಸ್ಕೂಲ್ ಮುಗಿಸಿದ ಹಾಗೆ. ಇವತ್ತಿಗೂ ಆ ಪರೀಕ್ಷೆ ಇದೆ. ಬದುಕಿ ಬಂದವರಲ್ಲಿ ಎಷ್ಟೋ ಜನ ಯುದ್ಧದಿಂದ ಮರಳಿದವರ ಓದಿಗೆ ಹಣ ಕೊಡುವ 1944ರ ಜೂನ್‌ನ ಕಾನೂನಿನ ನೆರವಿನಿಂದ ಕಾಲೇಜಿಗೂ ಹೋದರು. ಆದರೆ ತಮ್ಮದೇ ಶಾಲೆಯ ವೇದಿಕೆ ಹತ್ತಿ ಸರ್ಟಿಫಿಕೇಟ್ ತಗೊಳ್ಳಲಿಲ್ಲವಲ್ಲ ಅನ್ನೋ ಕೊರಗು ಕೆಲವರಿಗೆ ಉಳಿದೇ ಇತ್ತು. 1990ರ ದಶಕದ ಕೊನೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾಗಿ ಒಂದೊಂದೇ ರಾಜ್ಯ ಅವರನ್ನು ಹುಡುಕಿ ಕರೆದು ಸರ್ಟಿಫಿಕೇಟ್ ಕೊಟ್ಟಿತು. ಎಪ್ಪತ್ತು ದಾಟಿದ ಅಜ್ಜಂದಿರು ಹದಿನೆಂಟರ ಮಕ್ಕಳ ಪಕ್ಕದಲ್ಲಿ ನಿಲುವಂಗಿ ತೊಟ್ಟು ನಿಂತರು. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಗೆ ಹೋದ ಜಪಾನಿ ಮೂಲದವರಿಗೂ ಹಾಗೇ ಕೊಟ್ಟಿದ್ದಾರೆ.

ಪುಸ್ತಕವನ್ನು ಏನು ಮಾಡೋದು? ಮಗಳು ಮೊದಲು ಎಲ್ಲ ಪುಟಗಳ ಫೋಟೋ ತೆಗೆದಿಡಲಿ, ಅದರಲ್ಲೂ ಗೆಳೆಯರು ಕೈಯಾರೆ ಬರೆದ ಸಾಲುಗಳದ್ದು. ರಟ್ಟಿನ ಒಳಗೆ ಹೆಸರಿದ್ದರೆ ಆ ಶಾಲೆಗೆ, ಇಲ್ಲ ಆ ಊರಿನ ಗ್ರಂಥಾಲಯಕ್ಕೆ ಒಂದು ಪತ್ರ ಬರೆದು ಕೇಳಲಿ, ಮನೆಯವರು ಯಾರಾದರೂ ಇದ್ದರೆ ಅವರು ತಿಳಿಸಬಹುದು. 1941, 42ರ ಪುಸ್ತಕಗಳನ್ನು ನೋಡೋಕೂ ಅದೇ ಜಾಗ. ಸ್ಟಾಂಪ್‌ಗಳನ್ನು ಮಾತ್ರ ಕೀಳಬೇಡಿ. ಆ 31 ಸ್ಟಾಂಪು, 44 ಖಾಲಿ ಮನೆ ಹೇಗಿದೆಯೋ ಹಾಗೇ ಇಯರ್‌ಬುಕ್‌ನ ಜೊತೆಗೇ ಇರಲಿ.